ತಲೆ ಹೋದರೂ ಉಳಿದ ಬಾಲ

ರೇಷನ್ ಅಂಗಡಿ ಮುಂದೆ ನಿಂತವರಿಗೆ ತಮ್ಮ ಮುಂದಿರುವವರು ಯಾರು, ಹಿಂದಿರುವವರು ಯಾರು ಅನ್ನುವುದಷ್ಟೇ ಗೊತ್ತಿರುತ್ತದೆ. ಪ್ರೋಗ್ರಾಮ್‌ನಲ್ಲಿ ಮಾಹಿತಿಯನ್ನು ಸರಪಳಿಯಂತೆ ಜೋಡಿಸುವ ಡಬ್ಲಿ ಲಿಂಕ್ಡ್ ಲಿಸ್ಟ್‌ನ ನೋಡ್‌ಗೂ, ಅಂದರೆ ಒಂದೊಂದು ಕೊಂಡಿಗೂ, ಅಷ್ಟೇ ಲೋಕಜ್ಞಾನ: ತನ್ನ ನಂತರದವನ ವಿಳಾಸವಿರುವ ನೆಕ್ಸ್ಟ್, ತನಗಿಂತ ಮೊದಲಿನವನ ವಿಳಾಸವಿರುವ ಪ್ರೀವ್ ಎಂಬ ಎರಡು ಪಾಯಿಂಟರ್. 64 ಬಿಟ್ ಯಂತ್ರದಲ್ಲಿ ಇವೆರಡಕ್ಕೇ 16 ಬೈಟ್ ಬೇಕು, ಒಳಗಿರುವ ಸರಕು 4 ಬೈಟ್‌ನ ಒಂದು ಸಂಖ್ಯೆಯಾದರೂ ಸರಿ.

ಹಿಂದೆ ಸೇರಿಸಿ ಮುಂದೆ ತೆಗೆಯುವ ಬರೀ ಕ್ಯೂಗೆ ಪ್ರೀವ್ ಇಲ್ಲದಿದ್ದರೂ ನಡೆಯುತ್ತದೆ. ನಡುವೆ ಇರುವ ಕೆಲಸವೊಂದು ರದ್ದಾಗಿ, ಅದನ್ನು ಅಲ್ಲಿಂದಲೇ ಕೀಳಬೇಕಾದಾಗ ಮಾತ್ರ ಪ್ರೀವ್‌ನ ಬೆಲೆ ತಿಳಿಯುವುದು. ನೋಡ್ ಕೈಯಲ್ಲಿದ್ದರೆ ಎರಡೇ ಪಾಯಿಂಟರ್ ಬದಲಾವಣೆ, ಕೆಲಸ ಮುಗಿಯಿತು. ನೋಡ್ ಎಲ್ಲಿದೆಯೋ ಗೊತ್ತಿಲ್ಲ ಅಂದರೆ ಮೊದಲಿಂದ ಹುಡುಕಿ. ಆಮೇಲೆ ‘ಕೀಳುವುದು ಎಷ್ಟು ವೇಗ!’ ಎಂದು ಬೀಗಬೇಡಿ.

ಸೇರಿಸುವಾಗ ಅವಸರ ಕೂಡದು. ಮೊದಲು ಹೊಸ ನೋಡ್‌ನ ನೆಕ್ಸ್ಟ್‌ಗೆ ನಲ್ (ಅಂದರೆ ‘ಯಾರೂ ಇಲ್ಲ’), ಪ್ರೀವ್‌ಗೆ ಈಗಿನ ಟೇಲ್ (ಸಾಲಿನ ಕೊನೆಯವನನ್ನು ತೋರಿಸುವ ಪಾಯಿಂಟರ್). ಆಮೇಲೆ ಹಳೆ ಟೇಲ್‌ನ ನೆಕ್ಸ್ಟ್ ಹೊಸಬನತ್ತ. ಕ್ಯೂ ಖಾಲಿಯಿದ್ದರೆ ಸಾಲಿನ ಮೊದಲನೆಯವನನ್ನು ತೋರಿಸುವ ಹೆಡ್ಡೇ ಹೊಸಬನತ್ತ. ಟೇಲ್‌ಗೆ ಪಟ್ಟ ಕಟ್ಟುವುದು ಕಟ್ಟಕಡೆಗೆ. ಮೊದಲೇ ಕಟ್ಟಿದಿರೋ, ‘ಟೇಲ್‌ನ ನೆಕ್ಸ್ಟ್ ಹೊಸ ನೋಡ್’ ಎಂಬ ಸಾಲು ಹೊಸಬನನ್ನು ಅವನಿಗೇ ಗಂಟು ಹಾಕುತ್ತದೆ. ಹಳಬರೊಂದಿಗೆ ನಂಟೇ ಇಲ್ಲ. ಇನ್ನು ಹಿಂದಿನಿಂದ ಓದಲು ಹೊರಟರೆ ಪರದೆಯ ಮೇಲೆ ಒಂದೇ ಸಂಖ್ಯೆ, ಪ್ರೋಗ್ರಾಮ್ ನಿಲ್ಲಿಸಲು ಕಂಟ್ರೋಲ್-ಸಿ ಒತ್ತುವವರೆಗೆ, ಸುರಿಯುತ್ತಲೇ ಇರುತ್ತದೆ.

ತೆಗೆಯುವಾಗಿನ ಪಜೀತಿ ಇನ್ನೂ ಸೊಗಸು. ಒಂದೇ ನೋಡ್ ಉಳಿದಿದೆ, ತೆಗೆದಿರಿ, ಹೆಡ್ ನಲ್ ಆಯಿತು, ಟೇಲ್ ಮರೆತುಹೋಯಿತು. ಆಗ ಏನೂ ಆಗುವುದಿಲ್ಲ! ಹೆಡ್ ನೋಡಿದರೆ ಕ್ಯೂ ಖಾಲಿ, ಎಲ್ಲ ಸರಿ. ಮುಂದಿನ ಬಾರಿ, ಖಾಲಿಯೋ ಇಲ್ಲವೋ ಎಂದು ಟೇಲ್ ನೋಡಿ ಸೇರಿಸುವಾಗ, ಟೇಲ್ ಹಿಡಿದುಕೊಂಡಿರುವುದು ಫ್ರೀ ಮಾಡಿದ (ಮೆಮೊರಿ ಮರಳಿಸಿದ) ನೋಡ್ ಅನ್ನು. ಹೊಸಬ ಹೋಗಿ ಸೇರುವುದೂ ಅಲ್ಲಿಗೇ. ಹೆಡ್ ಇನ್ನೂ ನಲ್, ಸೇರಿಸಿದ್ದೆಲ್ಲ ಮಾಯ. ತೆಗೆಯುವ ಫಂಕ್ಷನ್‌ನದು ತಪ್ಪು, ಸೇರಿಸುವ ಫಂಕ್ಷನ್‌ಗೆ ಬೈಗುಳ. ಫ್ರೀ ಮಾಡಿದ ಮೇಲೆ ಅದೇ ನೋಡ್‌ನ ನೆಕ್ಸ್ಟ್ ಓದುವ ಚಾಳಿಯೂ ಹೀಗೆಯೇ. ಆ ಜಾಗವನ್ನು ಬೇರೆ ಯಾರಾದರೂ ಬಳಸುವವರೆಗೆ ಹಲವು ಸಲ ಸರಿಯಾದ ಉತ್ತರವೇ ಬರುತ್ತದೆ, ಡೆಮೊ ದಿನ ಬಿಟ್ಟು.

ಈ ‘ನಲ್ ಆದರೆ’ಗಳ ಕಾಟ ಬೇಡವೆಂದರೆ ಸರಕಿಲ್ಲದ ಒಂದು ಕಾವಲು ನೋಡ್ ಇಟ್ಟು ಲಿಸ್ಟ್ ಅನ್ನು ವೃತ್ತ ಮಾಡಿಬಿಡಿ, ಖಾಲಿಯಿದ್ದಾಗ ಅದರ ಎರಡೂ ಪಾಯಿಂಟರ್ ಅದನ್ನೇ ತೋರಿಸುತ್ತವೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮಾಡುವುದು ಇದನ್ನೇ. ಕಿತ್ತ ನೋಡ್‌ನ ಪಾಯಿಂಟರ್‌ಗಳಿಗೆ ಬೇಕೆಂದೇ ಕೆಟ್ಟ ವಿಳಾಸವನ್ನೂ ತುಂಬುತ್ತದೆ, ಮತ್ತೆ ಮುಟ್ಟಿದವರು ಅಲ್ಲೇ ಸಿಕ್ಕಿಬೀಳಲಿ ಎಂದು. 1977ರ ವ್ಯಾಕ್ಸ್ ಕಂಪ್ಯೂಟರ್‌ನಲ್ಲಂತೂ ಇಂಥ ಕ್ಯೂಗೆ ಸೇರಿಸಲು, ತೆಗೆಯಲು ಪ್ರೊಸೆಸರ್‌ನಲ್ಲೇ ಒಂದೊಂದು ಆದೇಶವಿತ್ತು.

ಸಾವಿರ ನೋಡ್ ಹಾಕಿ ಮುಂದಿನಿಂದ ಮುದ್ರಿಸಿ ‘ಪಾಸ್’ ಎನ್ನುವ ಪರೀಕ್ಷೆ ಪರೀಕ್ಷೆಯೇ ಅಲ್ಲ, ಪ್ರೀವ್ ಎಲ್ಲ ಹಾಳಾಗಿದ್ದರೂ ಅದು ಪಾಸ್. ಒಂದು ಹಾಕಿ, ತೆಗೆಯಿರಿ, ಮತ್ತೊಂದು ಹಾಕಿ. ಮುಂದಿನಿಂದ ಎಣಿಸಿ, ಹಿಂದಿನಿಂದಲೂ ಎಣಿಸಿ.