ಹಿಮ ಮಾಡಬಹುದು, ಬೆಟ್ಟ?

ಉಷ್ಣವಲಯದ ದ್ವೀಪ ನಗರವೊಂದು ಚಳಿಗಾಲದ ಒಲಿಂಪಿಕ್ಸ್‌ಗೆ ಅರ್ಜಿ ಹಾಕುವ ಕಾಲ್ಪನಿಕ ಬರಹವೊಂದನ್ನು ಓದಿ ನಗು ಬಂತು. ಆದರೆ ಸುಮ್ನೆ ತಮಾಷೆ ಅಂತ ತಳ್ಳಿಹಾಕುವ ಹಾಗೂ ಇಲ್ಲ. 2014ರ ಆಟ ನಡೆದ ರಷ್ಯಾದ ಸೋಚಿ ಕಡಲ ತೀರದ ಊರು, ಅಲ್ಲಿ ತಾಳೆ ಮರಗಳಿವೆ. ಹಿಂದಿನ ಚಳಿಗಾಲದ ಹಿಮವನ್ನು ಬೆಟ್ಟದ ಮೇಲೆ ಹೊದಿಕೆ ಹಾಕಿ ಕಾಪಾಡಿ ಇಟ್ಟಿದ್ದರು. 2022ರ ಬೀಜಿಂಗ್‌ನಲ್ಲಂತೂ ಹೆಚ್ಚುಕಡಿಮೆ ಎಲ್ಲಾ ಹಿಮವೂ ಯಂತ್ರದ್ದೇ.

ಐಸ್ ಹಾಕಿ, ಸ್ಕೇಟಿಂಗ್, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಎಲ್ಲಿ ಬೇಕಾದರೂ ಆಡಿಸಬಹುದು. ನೆಲದೊಳಗಿನ ಕೊಳವೆಗಳಲ್ಲಿ ಕೊರೆಯುವಷ್ಟು ತಣ್ಣನೆಯ ಉಪ್ಪುನೀರು ಹರಿಸಿ, ಮೇಲೆ ತೆಳ್ಳಗೆ ಪದರ ಪದರವಾಗಿ ನೀರು ಬಿಟ್ಟರೆ ಮಂಜುಗಡ್ಡೆ ರೆಡಿ. ತಲೆನೋವು ಬಿಸಿಲಿಗಿಂತ ಗಾಳಿಯ ತೇವದ್ದೇ ಜಾಸ್ತಿ. ತೇವ ತೆಗೆಯದಿದ್ದರೆ ಅಂಗಳದ ಮೇಲೆ ಮಬ್ಬು ಕವಿಯುತ್ತದೆ, ಚಾವಣಿಯಿಂದ ಹನಿ ತೊಟ್ಟಿಕ್ಕಿ ಮಂಜುಗಡ್ಡೆಯ ಮೇಲೆ ಗುಬುಟು ಏಳುತ್ತದೆ. ಕರ್ಲಿಂಗ್ ಕಲ್ಲು ಅದಕ್ಕೆ ತಗುಲಿದರೆ ದಿಕ್ಕೇ ತಪ್ಪುತ್ತದೆ!

ಸ್ಕೀಯಿಂಗ್ ಕಥೆ ಬೇರೆ. ಬೆಟ್ಟದಿಂದ ವೇಗವಾಗಿ ಇಳಿಯುವ ಪುರುಷರ ಡೌನ್‌ಹಿಲ್ ಓಟಕ್ಕೆ ಮೇಲಿಂದ ಕೆಳಕ್ಕೆ ಕನಿಷ್ಠ ಸುಮಾರು 800 ಮೀಟರ್ ಇಳಿತ ಬೇಕು. ದುಬೈನ ಮಾಲ್ ಆಫ್ ದಿ ಎಮಿರೇಟ್ಸ್ ಒಳಗಿನ ಸ್ಕೀ ಇಳಿಜಾರಿನ ಉದ್ದವೇ 400 ಮೀಟರ್ ಆಸುಪಾಸು. ಅಷ್ಟು ಎತ್ತರಕ್ಕೆ ಯಾರು ಸೂರು ಹಾಕುತ್ತಾರೆ? ಬಯಲಲ್ಲಿ ಹಿಮ ಉಗುಳುವ ಯಂತ್ರ ಇಟ್ಟರೆ ಬರುವುದು ಬರೀ ನೀರು.

ಜಮೈಕಾ ಮಾಡಿದ್ದು ಇದಕ್ಕಿಂತ ಜಾಣತನ, ಅಲ್ವಾ? 1988ರ ಚಳಿಗಾಲದ ಒಲಿಂಪಿಕ್ಸ್‌ಗೆ ಬಾಬ್‌ಸ್ಲೆಡ್ (ಮಂಜುಗಡ್ಡೆಯ ಹಾದಿಯಲ್ಲಿ ಜಾರುಬಂಡಿ ಓಟ) ತಂಡವನ್ನೇ ಕೆನಡಾದ ಕ್ಯಾಲ್ಗರಿಗೆ ಕಳಿಸಿತು. ಈ ನಗರವೂ ಮಂಜುಗಡ್ಡೆ ಅಂಗಳದ ಆಟಗಳನ್ನು ಇಟ್ಟುಕೊಂಡು, ಬೆಟ್ಟದ ಆಟಗಳನ್ನು ಹಿಮ ಇರುವ ದೇಶಕ್ಕೆ ಬಿಟ್ಟುಕೊಡಲಿ.