ಮೇಲೆ ಹುಲ್ಲು ಬೆಳೆಸಿದ ಮಾತ್ರಕ್ಕೆ ಕೆಳಗಿನ ವಿಷ ಹೋಗುವುದಿಲ್ಲ

ನಮ್ಮ ಮನೆಯ ಹಿಂದಿನ ಹಳೆಯ ಕಾರ್ಖಾನೆಯ ಜಾಗದಲ್ಲಿ ಮಣ್ಣು, ನೀರಿನ ಶುದ್ಧೀಕರಣ ಪೂರ್ಣಗೊಂಡಿದೆ ಎಂದು ಫಲಕ ಹಾಕಿದ್ದಾರೆ. ಅದನ್ನು ಕಂಡಾಗಲೆಲ್ಲ ಮೈ ಉರಿಯುತ್ತದೆ. ಅಲ್ಲಿ ನಡೆದದ್ದೇನೆಂದು ಬೇಲಿಯ ಈಚೆ ನಿಂತು ನೋಡಿದ ನಮಗೆ ಗೊತ್ತು: ಮೇಲಿನ ಒಂದಷ್ಟು ಮಣ್ಣನ್ನು ಅಗೆದು, ಟಾರ್ಪಾಲು ಕೂಡ ಹೊದಿಸದ ಲಾರಿಗಳಲ್ಲಿ ದೂಳೆಬ್ಬಿಸುತ್ತ ಸಾಗಿಸಿದರು, ಉಳಿದದ್ದರ ಮೇಲೆ ಜೇಡಿಮಣ್ಣು ಹರಡಿ ಹುಲ್ಲು ಬೆಳೆಸಿದರು, ಗುತ್ತಿಗೆದಾರರು ಬಿಲ್ ಪಾಸು ಮಾಡಿಸಿಕೊಂಡು ಹೊರಟುಹೋದರು.

ಮಣ್ಣಿನ ಮಾದರಿ ತೆಗೆದ ರೀತಿಯನ್ನು ನೆನೆದರೆ ಸಿಟ್ಟು ಇನ್ನಷ್ಟು ಏರುತ್ತದೆ. ಹಲವು ಕಡೆಯ ಮಣ್ಣನ್ನು ಒಂದೇ ಬಕೆಟ್ಟಿಗೆ ಸುರಿದು, ಕಲಸಿ, ಅದರಲ್ಲಿ ಒಂದು ಹಿಡಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು. ರಾಸಾಯನಿಕದ ಡ್ರಮ್ಮುಗಳು ಸೋರಿದ ಮೂಲೆಯಲ್ಲಿ ಕ್ರೋಮಿಯಂ ಎಂಬ ಲೋಹದ ವಿಷ ಎಷ್ಟೇ ಇರಲಿ, ಸುತ್ತಲಿನ ಒಳ್ಳೆಯ ಮಣ್ಣಿನೊಂದಿಗೆ ಬೆರೆತಾಗ ಅಂಕಿ ಮಿತಿಯೊಳಕ್ಕೆ ಇಳಿಯುತ್ತದೆ. ಆದರೆ ಮಕ್ಕಳು ಚೆಂಡು ಹೆಕ್ಕಲು ಹೋಗುವುದು ಆ ಮೂಲೆಗೇ. ಅವರ ಕೈಗೆ ಅಂಟುವುದು ಸರಾಸರಿ ಮಣ್ಣಲ್ಲ. ಈ ವಿಷಯವನ್ನು ಸಭೆಯಲ್ಲಿ ಕೇಳಿದ್ದಕ್ಕೆ, ವರದಿ ತಾಂತ್ರಿಕವಾದದ್ದು, ನಿಮಗೆ ಅರ್ಥವಾಗದು ಎಂಬ ಉತ್ತರ ಬಂತು.

ಅರ್ಥವಾಗದ್ದೇನೂ ಅದರಲ್ಲಿಲ್ಲ. ಲೋಹಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್‌ನಂತಹ ದ್ರಾವಕಗಳು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅಂತರ್ಜಲದ ಮೇಲೆ ತೇಲದೆ ಅವು ಕೆಳಗೆ ಕೆಳಗೆ ಇಳಿದು, ಜೇಡಿಯ ಪದರದ ಮೇಲೆ ಮಡುಗಟ್ಟಿ, ಬಂಡೆಯ ಬಿರುಕುಗಳಲ್ಲಿ ಕುಳಿತು, ದಶಕಗಳ ಕಾಲ ಸ್ವಲ್ಪಸ್ವಲ್ಪವೇ ಕರಗುತ್ತಿರುತ್ತವೆ. ಪಂಪು ಹಚ್ಚಿ ನೀರನ್ನು ಮೇಲೆತ್ತಿ ಸಂಸ್ಕರಿಸುವಾಗ ಅದರಲ್ಲಿನ ದ್ರಾವಕದ ಅಂಶ ತಗ್ಗುತ್ತದೆ. ಪಂಪು ನಿಲ್ಲಿಸಿ ತಿಂಗಳುಗಳು ಕಳೆದ ಮೇಲೆ ಮತ್ತೆ ಏರಬಹುದು. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಎಲ್ಲರಿಗೂ ಇದು ತಿಳಿದ ಸಂಗತಿ. ಹೀಗಿರುವಾಗ ನಮ್ಮಲ್ಲಿ ಪಂಪು ನಿಲ್ಲಿಸಿದ ಬೆನ್ನಿಗೇ ತೆಗೆದ ಒಂದೇ ಒಂದು ಮಾದರಿಯ ಆಧಾರದ ಮೇಲೆ ನೀರು ಸುರಕ್ಷಿತವೆಂದು ಸಹಿ ಹಾಕಿದ್ದನ್ನು ಅಜ್ಞಾನವೆಂದು ಒಪ್ಪಲು ನಾನು ತಯಾರಿಲ್ಲ. ಅಂತರ್ಜಲ ಪರೀಕ್ಷಿಸಲು ಕೊರೆದ ವೀಕ್ಷಣಾ ಬಾವಿಗಳ ಮುಚ್ಚಳದ ಬೀಗಗಳು ತುಕ್ಕು ಹಿಡಿದಿವೆ. ಆಮೇಲೆ ಅವುಗಳನ್ನು ತೆರೆದವರೇ ಇಲ್ಲ.

ಲಾರಿಯಲ್ಲಿ ಹೋದ ಮಣ್ಣಾದರೂ ಎಲ್ಲಿಗೆ ಹೋಯಿತು? ಯಾವುದೋ ಇನ್ನೊಂದು ಊರಿನ ಪಕ್ಕಕ್ಕೆ, ವಿಳಾಸ ಮಾತ್ರ ಯಾರೂ ಹೇಳಿಲ್ಲ. ಬೇರೆಡೆಯೂ ಹೀಗೇ ಆಗಿದೆ. ಭೋಪಾಲದ ಯೂನಿಯನ್ ಕಾರ್ಬೈಡ್ ಆವರಣದ 337 ಟನ್ ತ್ಯಾಜ್ಯ 1984ರ ಅನಿಲ ದುರಂತದ ನಂತರ 40 ವರ್ಷ ಕಳೆದು, 2025ರ ಜನವರಿಯಲ್ಲಿ, ಸುಮಾರು 250 ಕಿಲೋಮೀಟರ್ ದೂರದ ಪೀಥಂಪುರಕ್ಕೆ ಹೋಯಿತು. ಅಲ್ಲಿನ ಜನ ಬೀದಿಗಿಳಿದರು. ಅವರದು ಹಟಮಾರಿತನವೆಂದವರು ತಮ್ಮ ಹಿತ್ತಲಿಗೆ ಆ ಕಂಟೇನರುಗಳನ್ನು ಬಿಟ್ಟುಕೊಳ್ಳುತ್ತಿದ್ದರೇ? ಅಷ್ಟು ಮಾಡಿದರೂ ಭೋಪಾಲದ ಕಾರ್ಖಾನೆಯ ಸುತ್ತಲಿನ ಮಣ್ಣು ಮತ್ತು ಅಂತರ್ಜಲದ ಪ್ರಶ್ನೆ ಹಾಗೆಯೇ ಉಳಿದಿದೆ.

ಹಳೆಯ ಕಸದ ಗುಡ್ಡಗಳ ಕಥೆಯೂ ಬೇರೆಯಲ್ಲ. ಜರಡಿ ಹಿಡಿದ ಕಸದಿಂದ ಉದುರಿದ ನುಣ್ಣನೆಯ ಪುಡಿಯಲ್ಲಿ ಸೀಸವಿದೆಯೇ, ಕ್ಯಾಡ್ಮಿಯಂ ಇದೆಯೇ ಎಂದು ಪ್ರತಿ ರಾಶಿಯನ್ನೂ ನೋಡದೆ ಅದನ್ನು ಹೊಲಕ್ಕೆ, ತಗ್ಗು ಪ್ರದೇಶಕ್ಕೆ ತುಂಬುವುದೆಂದರೆ ಒಂದು ಗುಡ್ಡವನ್ನು ನೂರು ಕಡೆ ಹಂಚಿದಂತೆ. ಲೋಹಗಳು ಕೊಳೆತು ಇಲ್ಲವಾಗುವ ವಸ್ತುಗಳಲ್ಲ.

ಮುಚ್ಚಿಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಎಲ್ಲವನ್ನೂ ಅಗೆದು ತೆಗೆಯಲಾಗದ ಜಾಗಗಳಿವೆ. ಅಮೆರಿಕದ ಲವ್ ಕೆನಾಲ್‌ನಲ್ಲಿ 1942ರಿಂದ 1953ರವರೆಗೆ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತು, ಆ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಮಾರಿದರು. ಅಲ್ಲಿ ಶಾಲೆ ಎದ್ದಿತು, ಮನೆಗಳು ಎದ್ದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ಸ್ಥಳಾಂತರಿಸಬೇಕಾಯಿತು. 2004ರಲ್ಲಿ ಅದನ್ನು ಅಪಾಯಕಾರಿ ತಾಣಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟರೂ ತ್ಯಾಜ್ಯ ಜೇಡಿಯ ಹೊದಿಕೆಯಡಿ ಇಂದಿಗೂ ಇದೆ. ಅದರಿಂದ ಒಸರುವ ನೀರನ್ನು ಸಂಗ್ರಹಿಸಿ ಸಂಸ್ಕರಿಸುವ ಕೆಲಸ ಈಗಲೂ ನಡೆದಿದೆ. ಮುಚ್ಚಿದ ಮೇಲೆ ಇಷ್ಟು ಕಾಲ ಕಾವಲು ಕಾಯಲೇಬೇಕು, ಅದಕ್ಕೆ ಹಣವನ್ನೂ ತೆಗೆದಿರಿಸಬೇಕು. ಇಲ್ಲಿ ಕಾಯುವವರೂ ಇಲ್ಲ, ಹಣವೂ ಇಲ್ಲ. ಲಾಭ ಉಂಡ ಕಂಪನಿ ಬಾಗಿಲು ಹಾಕಿ ಹೆಸರು ಬದಲಿಸಿಕೊಂಡಿತು. ಖರ್ಚು ನಮ್ಮ ತೆರಿಗೆಯ ತಲೆಗೆ ಬಂತು.

ಆದ್ದರಿಂದ ಆ ಫಲಕವನ್ನು ಕಿತ್ತುಹಾಕಿ. ಮಾದರಿ ತೆಗೆದ ಪ್ರತಿಯೊಂದು ಸ್ಥಳದ ಅಂಕಿಯನ್ನು ಸರಾಸರಿ ಮಾಡದೆ ಪ್ರಕಟಿಸಿ. ಬಾವಿಗಳ ಬೀಗ ಒಡೆದು ಮಳೆಗಾಲದಲ್ಲೂ ಬೇಸಿಗೆಯಲ್ಲೂ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ನಮ್ಮ ಕೈಗೆ ಕೊಡಿ. ಲಾರಿಗಳು ಹೋದ ಜಾಗದ ವಿಳಾಸವನ್ನು ಅಲ್ಲಿನವರಿಗೂ ನಮಗೂ ತಿಳಿಸಿ. ಇವಿಷ್ಟನ್ನು ನಾವು ಬರಹದಲ್ಲಿ ಕೇಳಿದ್ದೇವೆ. ಸ್ವೀಕೃತಿಯ ಮುದ್ರೆಯ ಹೊರತು ಇದುವರೆಗೆ ಏನೂ ಬಂದಿಲ್ಲ.