ಯಾರೂ ಇಲ್ಲದವರಿಗೊಂದು ಕವಿತೆ

ಬೆಲ್ಜಿಯಂನ ಆಂಟ್ವರ್ಪ್ ಅಂದ್ರೆ ನಮ್ಮ ಕಡೆಯವರಿಗೆ ವಜ್ರದ ವ್ಯಾಪಾರ ನೆನಪಾಗುತ್ತದೆ. ಇಲ್ಲಿ ನೆಲೆಸಿದ ಮೇಲೆ ನನ್ನ ಮನಸ್ಸಿಗೆ ಹತ್ತಿರವಾಗಿದ್ದು ಮಾತ್ರ ಒಬ್ಬ ಕವಿಯ ಕೆಲಸ. ಮಾರ್ಟನ್ ಇಂಗೆಲ್ಸ್, 1988ರಲ್ಲಿ ಹುಟ್ಟಿದ ಫ್ಲೆಮಿಶ್ ಕವಿ, ಅಂದ್ರೆ ಬೆಲ್ಜಿಯಂನ ಡಚ್ ಮಾತಾಡುವ ಭಾಗದವರು. 2009ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ಈ ಊರಲ್ಲಿ 'ಒಂಟಿ ಶವಸಂಸ್ಕಾರ' ಅಂತ ಶುರು ಮಾಡಿದರು. ಹಿಂದೆ ಮುಂದೆ ಯಾರೂ ಇಲ್ಲದೆ ಸತ್ತವರ ಮಣ್ಣಿಗೆ ಒಬ್ಬ ಕವಿ ಹೋಗಿ, ಆ ವ್ಯಕ್ತಿಗಾಗಿಯೇ ಬರೆದ ಕವಿತೆಯನ್ನು ಓದುವುದು. ಹಾಲೆಂಡಿನಲ್ಲಿ ಇದು ಮೊದಲೇ ನಡೀತಿತ್ತು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇದನ್ನು ಬೆಳೆಸಿದವರು ಸ್ಟಾರಿಕ್ ಅನ್ನೋ ಕವಿ.

ಕವಿಗೆ ಸಿಗೋ ಮಾಹಿತಿ ತೀರಾ ಕಡಿಮೆ. ಹೆಸರು, ವಯಸ್ಸು, ವಾಸವಿದ್ದ ಬೀದಿ, ಅಷ್ಟೇ ಇದ್ದರೂ ಇರಬಹುದು. ಅದರಲ್ಲೇ ಬರೀಬೇಕು. ಓದುವುದು ಸ್ಖೋನ್‌ಸೆಲ್‌ಹೋಫ್ ಸ್ಮಶಾನದಲ್ಲಿ. ಪೌಲ್ ವಾನ್ ಓಸ್ಟಾಯೆನ್, ಹೆರ್ಮನ್ ದ ಕೋನಿಂಕ್‌ರಂಥ ದೊಡ್ಡ ಕವಿಗಳು ಮಲಗಿರುವ ಜಾಗವೂ ಅದೇ.

ಇಂಗೆಲ್ಸ್ 2016ರಿಂದ 2018ರವರೆಗೆ ಆಂಟ್ವರ್ಪ್‌ನ ನಗರಕವಿಯಾಗಿದ್ದರು. ಆಗ ಊರಿನ ಕಣ್ಗಾವಲು ಕ್ಯಾಮೆರಾಗಳಿಗೆ ಸಿಗದೆ ನಡೆಯುವ ದಾರಿಯ ನಕ್ಷೆಯನ್ನೂ ಮಾಡಿದರು. ಇಲ್ಲಿ ನಗರಕವಿ ಅಂದ್ರೆ ಬಿರುದಲ್ಲ, ಎರಡು ವರ್ಷದ ಕೆಲಸ. ನಮ್ಮಲ್ಲಿ ಗೋವಿಂದ ಪೈ, ಕುವೆಂಪು, ಜಿ.ಎಸ್. ಶಿವರುದ್ರಪ್ಪ ರಾಷ್ಟ್ರಕವಿಗಳು. ಅದು ಗೌರವ, ಆ ಗೌರವ ದೊಡ್ಡದೇ. ಆದರೆ ಕವಿಗೆ ಶಾಲು ಹೊದಿಸಿ ಸುಮ್ನೆ ಕೂರಿಸುವುದಕ್ಕಿಂತ, ಊರಿಗೆ ನಿನ್ನಿಂದ ಇಂಥದ್ದು ಆಗಬೇಕು ಅಂತ ಕೇಳುವುದು ನನಗೆ ಜಾಸ್ತಿ ಇಷ್ಟವಾಯಿತು.

ನಮ್ಮಲ್ಲಿ ಯಾರೂ ಒಂಟಿಯಾಗಿ ಸಾಯಲ್ಲ, ಸಾವಿನ ಮನೆಗೆ ಇಡೀ ಊರೇ ಬರುತ್ತೆ ಅಂತ ಹೇಳುವವರಿದ್ದಾರೆ. ಹಳ್ಳಿಯ ಮಟ್ಟಿಗೆ ಅದು ಬಹುಪಾಲು ನಿಜ, ನನಗೂ ಅದರ ಬಗ್ಗೆ ಹೆಮ್ಮೆ ಇದೆ. ಬೆಂಗಳೂರಿನ ಮಾತು ಹಾಗಲ್ಲ. ಪತ್ರಿಕೆಯ ಒಳಪುಟದಲ್ಲಿ 'ಅಪರಿಚಿತ ಶವ ಪತ್ತೆ' ಅಂತ ಬರುತ್ತಲ್ವಾ? ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ನೀಲಿ ಗೆರೆಯ ಅಂಗಿ, ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಿ. ಒಂದು ಜೀವದ ಬಗ್ಗೆ ಕನ್ನಡದಲ್ಲಿ ಬರೆದ ಕೊನೆಯ ಸಾಲುಗಳು ಎಷ್ಟೋ ಸಲ ಇವೇ. ವಾರಸುದಾರರು ಬರದಿದ್ದರೆ ದಫನು ಮಾಡುವ ಪುಣ್ಯಾತ್ಮರು ನಮ್ಮಲ್ಲೂ ಇದ್ದಾರೆ, ಅವರ ಕೆಲಸ ಕವಿತೆಗಿಂತ ಮೊದಲಿನದು. ಅವರ ಪಕ್ಕದಲ್ಲಿ ಒಬ್ಬ ಕವಿಯೂ ನಿಲ್ಲಬೇಕು ಅನ್ನೋದು ನನ್ನ ಆಸೆ.

ಇದಕ್ಕೆ ಅಕಾಡೆಮಿ, ಅನುದಾನ ಏನೂ ಬೇಕಾಗಿಲ್ಲ. ಮೈಸೂರಿನ ದಸರಾ ಕವಿಗೋಷ್ಠಿಗೆ ಬರುವವರಲ್ಲಿ ನಾಲ್ಕು ಜನ ಒಪ್ಪಿದರೂ ಶುರು ಮಾಡಬಹುದು.